ವ್ಯಸನದಿಂದ ಚೇತರಿಕೆಯನ್ನು ಅಳೆಯುವ ಪ್ರಶ್ನಾವಳಿಗಳು: ಬಾರ್ಕ್-10 ಮತ್ತು ರೆಕ್-ಕ್ಯಾಪ್, ಒಂದು ವಿಮರ್ಶೆ

ಮದ್ಯವ್ಯಸನಕ್ಕೆ ಚಿಕಿತ್ಸೆ ಕೊಡುವ ಯಾವ ಕೇಂದ್ರಕ್ಕೆ ಹೋದರೂ ದಾಖಲಾದ ದಿನವೇ ರೋಗಿಯ ಮುಂದೆ, ಅವನು ಮಾತನಾಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಅವನನ್ನು ಕರೆತಂದವರ ಮುಂದೆ, ಒಂದು ಪ್ರಶ್ನಾವಳಿ ಬರುತ್ತದೆ. ಎಷ್ಟು ವರ್ಷದಿಂದ ಕುಡಿಯುತ್ತಿದ್ದೀರಿ, ದಿನಕ್ಕೆ ಎಷ್ಟು ಕ್ವಾರ್ಟರ್, ಬೆಳಿಗ್ಗೆ ಎದ್ದ ಕೂಡಲೇ ಬೇಕಾಗುತ್ತದೆಯೇ, ಕುಡಿದಾಗ ನಡೆದದ್ದು ಮರುದಿನ ನೆನಪಿರುತ್ತದೆಯೇ ಎಂದು ಅದು ಕೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲಿ ಹೊರತಂದ, ಈಗಲೂ ಧಾರಾಳವಾಗಿ ಬಳಕೆಯಲ್ಲಿರುವ ‘ಆಡಿಟ್’ ಪ್ರಶ್ನಾವಳಿಯೂ ಇದೇ ಜಾತಿಯದು. ಅದರಲ್ಲಿ ಹತ್ತು ಪ್ರಶ್ನೆಗಳಿವೆ. ಸೊನ್ನೆಯಿಂದ 40ರವರೆಗೆ ಅಂಕ ಬರುತ್ತದೆ. 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಕುಡಿತ ಅಪಾಯದ ಮಟ್ಟ ಮುಟ್ಟಿದೆ ಎಂದು ತಿಳಿಯಬೇಕು. ತನ್ನ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ. ಆದರೆ ಅದು ಎಣಿಸುವುದು ಹಾನಿಯನ್ನು. ಆರು ತಿಂಗಳಿಂದ ಬಾಯಿಗೆ ಹನಿ ಹಾಕದೆ ಇರುವ ಮನುಷ್ಯನೊಬ್ಬ ಮುಂದಿನ ಆರು ತಿಂಗಳನ್ನು ಯಾವುದರ ಆಸರೆಯಿಂದ ಕಳೆಯಲಿದ್ದಾನೆ, ಯಾವುದು ಅವನ ಕಾಲೆಳೆಯಲಿದೆ ಎಂಬುದನ್ನು ಅದು ಹೇಳುವುದಿಲ್ಲ, ಹೇಳಬೇಕೆಂದು ಅದನ್ನು ರೂಪಿಸಿಯೂ ಇಲ್ಲ.

ಈ ಕೊರತೆಯನ್ನು ತುಂಬಲೆಂದು ಬಂದ ಸಾಧನಗಳಲ್ಲಿ ಎರಡನ್ನು, ಬಾರ್ಕ್-10 ಮತ್ತು ರೆಕ್-ಕ್ಯಾಪ್ ಎಂಬ ಪ್ರಶ್ನಾವಳಿಗಳನ್ನು, ಇಲ್ಲಿ ಪರಿಶೀಲಿಸುತ್ತಿದ್ದೇನೆ. ಜಿಲ್ಲಾ ಕೇಂದ್ರವೊಂದರ ವ್ಯಸನಮುಕ್ತಿ ಕೇಂದ್ರದಲ್ಲಿ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುವವಳು ನಾನು. ಮೊದಲನೆಯದನ್ನು ನಮ್ಮ ಫಾಲೋ ಅಪ್ ದಿನಗಳಲ್ಲಿ ಬಳಸುತ್ತೇವೆ. ಎರಡನೆಯದರ ರಚನೆಯನ್ನು ಓದಿಕೊಂಡು, ಅದರ ವಿಚಾರಗಳಲ್ಲಿ ಕೆಲವನ್ನು ನಮ್ಮ ಕೆಲಸಕ್ಕೆ ಒಗ್ಗಿಸಿಕೊಂಡಿದ್ದೇವೆ. ಆದ್ದರಿಂದ ಇದು ಸಂಶೋಧಕರ ವಿಮರ್ಶೆಯಲ್ಲ, ಹಾಳೆಯನ್ನು ಎದುರಿಗಿಟ್ಟುಕೊಂಡು ಮನುಷ್ಯರ ಜೊತೆ ಕೂರುವವಳ ವಿಮರ್ಶೆ.

ಎರಡೂ ಪ್ರಶ್ನಾವಳಿಗಳ ಹಿಂದಿರುವುದು ಒಂದೇ ವಿಚಾರ. 1990ರ ದಶಕದಲ್ಲಿ ಅಮೆರಿಕದ ರಾಬರ್ಟ್ ಗ್ರಾನ್‌ಫೀಲ್ಡ್ ಮತ್ತು ವಿಲಿಯಂ ಕ್ಲೌಡ್ ಎಂಬ ಇಬ್ಬರು ವಿದ್ವಾಂಸರು, ಯಾವ ಆಸ್ಪತ್ರೆಗೂ ಯಾವ ಸಂಘಕ್ಕೂ ಹೋಗದೆ ತಾವಾಗಿಯೇ ಕುಡಿತವನ್ನೋ ಮಾದಕ ವಸ್ತುವನ್ನೋ ಬಿಟ್ಟಿದ್ದ 46 ಮಂದಿಯನ್ನು ಹುಡುಕಿ ಮಾತನಾಡಿಸಿದರು. ಇವರೆಲ್ಲ ಉಕ್ಕಿನ ಮನಸ್ಸಿನವರೇನೂ ಆಗಿರಲಿಲ್ಲ. ಬಹುಪಾಲು ಮಧ್ಯಮ ವರ್ಗದವರಾಗಿದ್ದು, ಓದು, ಉದ್ಯೋಗ, ಮನೆ, ತಮ್ಮನ್ನು ಬಿಟ್ಟುಕೊಡದ ಹೆಂಡತಿಯೋ ಗಂಡನೋ ಸ್ನೇಹಿತರೋ, ಹೀಗೆ ಕಳೆದುಕೊಳ್ಳಲು ಮನಸ್ಸಾಗದಂಥ ಏನಾದರೊಂದು ಅವರ ಬಳಿ ಇತ್ತು. ಇದನ್ನೇ ಅವರು 1999ರಲ್ಲಿ ಚೇತರಿಕೆಯ ಬಂಡವಾಳ ಎಂದು ಕರೆದರು. 2008ರಲ್ಲಿ ಇದೇ ಇಬ್ಬರು ಇನ್ನೊಂದು ಮಾತನ್ನೂ ಸೇರಿಸಿದರು: ಬಂಡವಾಳಕ್ಕೆ ಸಾಲದ ಬದಿಯೂ ಇದೆ, ಕೆಟ್ಟ ಆರೋಗ್ಯ, ಜೈಲುವಾಸದಂಥವು ಮನುಷ್ಯನನ್ನು ಸೊನ್ನೆಗಿಂತಲೂ ಕೆಳಗೆ ತಳ್ಳಬಲ್ಲವು.

ನಮ್ಮಲ್ಲಿ ಕುಡಿತ ಬಿಡಬೇಕಾದವನಿಗೆ ಬಂಧುಗಳಿಂದ ಹಿಡಿದು ಊರ ಹಿರಿಯರವರೆಗೆ ಎಲ್ಲರೂ ಹೇಳುವುದು ಮನಸ್ಸು ಗಟ್ಟಿ ಮಾಡಿಕೋ ಎಂಬ ಒಂದೇ ಮಾತು. ಅದು ಸುಳ್ಳಲ್ಲ. ಆದರೆ ಕೂಲಿಯೂ ಇಲ್ಲದ, ಅಣ್ಣನ ಮನೆಯ ಜಗುಲಿಯಲ್ಲಿ ಮಲಗುವ, ಊರಲ್ಲಿ ಯಾರೂ ನಂಬಿ ಐವತ್ತು ರೂಪಾಯಿ ಕೈಗೆ ಕೊಡದ ಮನುಷ್ಯನಿಗೂ, ಸಂಬಳದ ರಜೆ ಹಾಕಿ ಬಂದ ಬ್ಯಾಂಕ್ ನೌಕರನಿಗೂ ಅದೇ ಮಾತನ್ನು ಹೇಳಿ, ಮೊದಲನೆಯವನು ಸೋತಾಗ ಅವನಿಗೆ ಮನಸ್ಸೇ ಇಲ್ಲ ಎಂದು ತೀರ್ಪು ಕೊಡುತ್ತೇವೆ. ದೆಹಲಿಯ ಏಮ್ಸ್ ಸಂಸ್ಥೆ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ನಡೆಸಿದ, 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಮದ್ಯಾವಲಂಬಿಗಳಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಬಗೆಯ ಚಿಕಿತ್ಸೆ ಸಿಕ್ಕಿದೆ. ಒಳರೋಗಿಯಾಗಿ ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು. ಅಂದರೆ ಉಳಿದವರಲ್ಲಿ ಯಾರಾದರೂ ಬಿಡುವುದಿದ್ದರೆ ತಮ್ಮ ಬಳಿ ಇರುವ ಬಂಡವಾಳದ ಮೇಲೆಯೇ ಬಿಡಬೇಕು. ಅದನ್ನು ಅಳೆಯುವ ಪ್ರಯತ್ನವನ್ನು ನಾನು ಗಂಭೀರವಾಗಿ ತೆಗೆದುಕೊಂಡದ್ದು ಈ ಕಾರಣದಿಂದ.

ವಿಚಾರ ಹುಟ್ಟಿದ ಹಲವು ವರ್ಷಗಳ ನಂತರ, 2013ರಲ್ಲಿ, ಬ್ರಿಟನ್ನಿನ ಟಿಯೊಡೋರಾ ಗ್ರೋಶ್ಕೋವಾ ಮತ್ತು ಡೇವಿಡ್ ಬೆಸ್ಟ್ ಅವರು ಅಮೆರಿಕದ ವಿಲಿಯಂ ವೈಟ್ ಅವರೊಂದಿಗೆ ಸೇರಿ ‘ಆರ್ಕ್’ ಎಂಬ ಅಳತೆಪಟ್ಟಿಯನ್ನು ಪ್ರಕಟಿಸಿದರು. ಹತ್ತು ಕ್ಷೇತ್ರಗಳು, ಒಂದೊಂದಕ್ಕೂ ಐದು ವಾಕ್ಯಗಳು, ಒಟ್ಟು 50. ದೇಹದ ಆರೋಗ್ಯ, ಮನಸ್ಸಿನ ಆರೋಗ್ಯ, ವಸತಿ ಮತ್ತು ಸುರಕ್ಷತೆ, ಜನರ ಬೆಂಬಲ, ಅರ್ಥವುಳ್ಳ ಕೆಲಸಕಾರ್ಯ, ಸಮುದಾಯದಲ್ಲಿ ತೊಡಗುವಿಕೆ ಮುಂತಾದವೆಲ್ಲ ಅದರಲ್ಲಿವೆ. ಐವತ್ತು ವಾಕ್ಯಗಳನ್ನು ಓದಿಸುವಷ್ಟು ಪುರುಸೊತ್ತು ಯಾವ ಹೊರರೋಗಿ ವಿಭಾಗಕ್ಕೂ ಇರುವುದಿಲ್ಲವಾದ್ದರಿಂದ, 2017ರಲ್ಲಿ ಕೋರಿ ವಿಲ್‌ಸೈಂಟ್, ಜಾನ್ ಕೆಲ್ಲಿ ಮತ್ತು ಸಂಗಡಿಗರು ಬ್ರಿಟನ್ ಹಾಗೂ ಆಸ್ಟ್ರೇಲಿಯಾದ ಮಾಹಿತಿಯನ್ನು ಜಾಲಾಡಿ, ಪ್ರತಿ ಕ್ಷೇತ್ರದಿಂದ ಒಂದೊಂದು ವಾಕ್ಯವನ್ನು ಉಳಿಸಿಕೊಂಡು ಬಾರ್ಕ್-10 ಎಂಬ ಕಿರಿಯ ರೂಪವನ್ನು ಸಿದ್ಧಪಡಿಸಿದರು. ಪ್ರತಿ ವಾಕ್ಯಕ್ಕೂ ಸ್ವಲ್ಪವೂ ಒಪ್ಪುವುದಿಲ್ಲ ಎಂಬುದರಿಂದ ಪೂರ್ತಿ ಒಪ್ಪುತ್ತೇನೆ ಎಂಬುದರವರೆಗೆ ಆರು ಮೆಟ್ಟಿಲು; ಒಟ್ಟು ಅಂಕ 10ರಿಂದ 60. ಇದಕ್ಕೆ ಹಣ ಕೊಡಬೇಕಾಗಿಲ್ಲ, ಕಂಪ್ಯೂಟರ್ ಬೇಡ, ತರಬೇತಿಯ ಪ್ರಮಾಣಪತ್ರವೂ ಬೇಡ. ಒಂದು ಹಾಳೆ, ಒಂದು ಪೆನ್ನು, ಓದು ಬಾರದವರಿಗೆ ಓದಿ ಹೇಳುವ ಒಬ್ಬರು ಇದ್ದರೆ ಸಾಕು. ಸಣ್ಣ ಕೇಂದ್ರಗಳ ದೃಷ್ಟಿಯಿಂದ ಇದರ ಮೊದಲ ಗುಣವೇ ಇದು.

ಎರಡನೆಯ ಗುಣ ಹಾಳೆ ತುಂಬುವಾಗ ಕಾಣುತ್ತದೆ. ನಮ್ಮಲ್ಲಿಗೆ ಬರುವವರು ಪ್ರಶ್ನೆ ಎಂದರೆ ವಿಚಾರಣೆ ಎಂದೇ ತಿಳಿದಿರುತ್ತಾರೆ. ಹೆಂಡತಿ, ಅತ್ತೆ ಮಾವ, ಪೊಲೀಸು, ಡಾಕ್ಟರು ಎಲ್ಲರೂ ಕೇಳಿದ್ದು ಎಷ್ಟು ಕುಡಿದೆ, ಯಾಕೆ ಕುಡಿದೆ, ಹಣ ಎಲ್ಲಿಂದ ಬಂತು ಎಂದು. ಇಲ್ಲಿ ಅದರ ಬದಲು, ಕುಡಿತಕ್ಕಿಂತ ಮುಖ್ಯವಾದ ಸಂಗತಿಗಳು ನನ್ನ ಬದುಕಿನಲ್ಲಿವೆ ಎಂಬ ಅರ್ಥದ ವಾಕ್ಯ ಮೊದಲು ಬರುತ್ತದೆ. ಅದನ್ನು ಓದಿ ಹೇಳಿದಾಗ ಬಹಳ ಮಂದಿ ಒಂದು ಗಳಿಗೆ ಸುಮ್ಮನಾಗುತ್ತಾರೆ, ಆಮೇಲೆ ಮಗಳ ಹೆಸರು ಹೇಳುತ್ತಾರೆ, ಇಲ್ಲವೇ ಅರ್ಧಕ್ಕೆ ನಿಂತ ಮನೆಯ ವಿಷಯ ತೆಗೆಯುತ್ತಾರೆ. ಅಂಕ ಹಾಕುವ ಮೊದಲೇ ಅರ್ಧ ಗಂಟೆಯ ಮಾತು ಶುರುವಾಗಿಬಿಡುತ್ತದೆ, ನಾನಾಗಿ ಕೇಳಿದ್ದರೆ ಅದು ಬರುತ್ತಿರಲಿಲ್ಲ. ಕೈಗೆತ್ತಿಕೊಂಡ ಕೆಲಸ ಮುಗಿಸುವಷ್ಟು ಕಸುವು ನನ್ನಲ್ಲಿದೆ ಎಂಬ ವಾಕ್ಯವೂ ಉಪಯುಕ್ತ. ಬಿಟ್ಟ ಮೇಲೆ ವಾರಗಟ್ಟಲೆ ಕಾಡುವ ಸುಸ್ತನ್ನೂ ನಿದ್ದೆಗೇಡನ್ನೂ ಮನೆಯವರು ಸೋಮಾರಿತನ ಎಂದುಕೊಂಡಿರುತ್ತಾರೆ. ಈ ವಾಕ್ಯಕ್ಕೆ ಬಿದ್ದ ಕಡಿಮೆ ಅಂಕವನ್ನು ತೋರಿಸಿ ಅವರಿಗೆ ತಿಳಿಹೇಳುವುದು ಸುಲಭವಾಗುತ್ತದೆ, ವೈದ್ಯರ ಗಮನಕ್ಕೆ ತರುವುದಕ್ಕೂ ಒಂದು ಆಧಾರ ಸಿಗುತ್ತದೆ.

ಆದರೆ ಹತ್ತೂ ವಾಕ್ಯಗಳು ಹೀಗೆ ನೇರವಾಗಿ ಕೂರುವುದಿಲ್ಲ. ವಾಸಿಸುವ ಜಾಗ ನನ್ನ ಚೇತರಿಕೆಗೆ ಒತ್ತಾಸೆಯಾಗಿದೆ ಎಂಬ ವಾಕ್ಯವನ್ನು ಓದಿದಾಗ ಗಾರೆ ಕೆಲಸದ ಒಬ್ಬರು ನನ್ನನ್ನೇ ಮರಳಿ ಕೇಳಿದರು: ‘ಯಾವ್ ಮನೆ ಮೇಡಂ? ನಮ್ಮಪ್ಪನ ಮನೇನಾ, ಹೆಂಡ್ತಿ ಇರೋ ಮನೇನಾ, ಸೈಟಲ್ಲಿ ಶೆಡ್ ಹಾಕೊಂಡಿರ್ತೀವಲ್ಲ ಅದಾ?’ ಮೂರೂ ಅವರ ವಾಸಸ್ಥಳಗಳೇ. ಶೆಡ್ಡಿನಲ್ಲಿ ರಾತ್ರಿ ಎಲ್ಲರೂ ಕುಡಿಯುತ್ತಾರೆ, ತಂದೆಯ ಮನೆಯಲ್ಲಿ ತಂದೆಯೇ ಕುಡಿಯುತ್ತಾರೆ, ಹೆಂಡತಿ ಇರುವ ಮನೆಗೆ ಬಿಟ್ಟುಕೊಳ್ಳುವುದು ಇನ್ನೂ ಖಾತ್ರಿಯಾಗಿಲ್ಲ. ಆರು ಮೆಟ್ಟಿಲುಗಳಲ್ಲಿ ಯಾವುದಕ್ಕೆ ಗುರುತು ಹಾಕುವುದು? ಕೊನೆಗೆ ಮೂರಕ್ಕೂ ಬೇರೆ ಬೇರೆ ಅಂಕ ಹಾಕಿ, ಮುಂದಿನ ಎರಡು ತಿಂಗಳು ಸೈಟಿನಲ್ಲಿ ಉಳಿಯದೆ ದಿನವೂ ಬಸ್ಸಿನಲ್ಲಿ ಹೋಗಿ ಬರುವುದು ಸಾಧ್ಯವೇ ಎಂಬ ಲೆಕ್ಕಕ್ಕೆ ಇಳಿದೆವು. ಪ್ರಶ್ನಾವಳಿಯ ನಿಯಮದ ಪ್ರಕಾರ ಇದು ತಪ್ಪು ಬಳಕೆ, ಆದರೂ ಆ ಹಾಳೆಯಿಂದ ಅವರಿಗೆ ದಕ್ಕಿದ ಪ್ರಯೋಜನ ಅದೇ.

ಇನ್ನೂ ದೊಡ್ಡ ತೊಡಕು ಸ್ನೇಹಿತರ ಬೆಂಬಲದ ವಾಕ್ಯದಲ್ಲಿದೆ. ಸ್ನೇಹಿತರಿಂದ ನನಗೆ ತುಂಬ ಬೆಂಬಲ ಸಿಗುತ್ತದೆ ಎಂಬುದಕ್ಕೆ ನಮ್ಮ ಗಂಡಸರು ಕಣ್ಣು ಮುಚ್ಚಿ ಆರು ಅಂಕ ಹಾಕುತ್ತಾರೆ. ಅದು ಸತ್ಯವೂ ಹೌದು. ಮಗುವಿಗೆ ಜ್ವರ ಬಂದಾಗ ರಾತ್ರಿ ಹನ್ನೊಂದಕ್ಕೆ ಆಟೋ ತಂದವನು, ಚೀಟಿಯ ಕಂತು ಕಟ್ಟಲಾಗದಾಗ ಕೈಸಾಲ ಕೊಟ್ಟವನು, ಜಗಳವಾದಾಗ ಠಾಣೆಗೆ ಬಂದು ಬಿಡಿಸಿಕೊಂಡು ಹೋದವನು ಎಲ್ಲರೂ ಸ್ನೇಹಿತರೇ. ಸಂಜೆಯಾದರೆ ಬಾರಿನಲ್ಲಿ ಎದುರು ಕೂರುವವರೂ ಅವರೇ. ಬೆಂಬಲವೂ ಅಡ್ಡಿಯೂ ಒಬ್ಬನೇ ಮನುಷ್ಯನ ರೂಪದಲ್ಲಿ ಬಂದಾಗ ಬಾರ್ಕ್-10 ಅದನ್ನು ಬರೀ ಬೆಂಬಲವೆಂದು ಎಣಿಸುತ್ತದೆ. ಬರೆದವರ ಮನಸ್ಸಿನಲ್ಲಿ ಕುಡಿಯದ ಸ್ನೇಹಿತರೇ ಇದ್ದಿರಬಹುದು; ಹಾಳೆಯಲ್ಲಿ ಮಾತ್ರ ಅದು ಇಲ್ಲ. ಇನ್ನು ಬಗೆಬಗೆಯ ವೃತ್ತಿಪರರೊಂದಿಗೆ ವ್ಯವಹರಿಸುವುದು ನನಗೆ ಹಿತವಾಗಿದೆ ಎಂಬ ವಾಕ್ಯವಂತೂ ಸಮಾಜಸೇವಾ ಅಧಿಕಾರಿ, ವಸತಿ ಅಧಿಕಾರಿ, ಪ್ರೊಬೇಷನ್ ಅಧಿಕಾರಿ ಎಂದು ಒಬ್ಬರಾದ ಮೇಲೊಬ್ಬರನ್ನು ಕಾಣಬೇಕಾಗುವ ಬ್ರಿಟನ್ನಿನ ಬದುಕಿನಿಂದ ಹುಟ್ಟಿದ್ದು. ನಮ್ಮಲ್ಲಿ ಇದನ್ನು ಓದಿದರೆ ಡಾಕ್ಟರ ಮೇಲೆ ದೂರು ಏನಾದರೂ ಇದೆಯೇ ಎಂದು ಕೇಳಿದಂತಾಗುತ್ತದೆ, ಎದುರಿಗೆ ಕೂತವರು ಇಲ್ಲ ಇಲ್ಲ ಎಂದು ಕೈಮುಗಿದು ಪೂರ್ತಿ ಅಂಕ ಹಾಕುತ್ತಾರೆ.

ಅಂಕದ ವಿಷಯಕ್ಕೆ ಬರೋಣ. ಬಾರ್ಕ್-10 ರಚಿಸಿದವರು 47 ಎಂಬ ಗಡಿಯನ್ನು ಸೂಚಿಸಿದ್ದಾರೆ. ಆ ಮಟ್ಟ ಮುಟ್ಟಿದವರಲ್ಲಿ ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಸ್ಥಿರ ಚೇತರಿಕೆ ಇರುವ ಸಂಭವ ಹೆಚ್ಚು ಎಂಬುದು ಅವರ ಲೆಕ್ಕಾಚಾರ. ಇದು ಅವರು ನೋಡಿದ ಜನರ ಗುಂಪಿನಿಂದ ಬಂದ ಸಂಖ್ಯೆ, ಒಬ್ಬ ವ್ಯಕ್ತಿಯ ಭವಿಷ್ಯವಲ್ಲ. ನಾವು ಓದಿ ಹೇಳುವುದು ನಾವೇ ಮಾಡಿಕೊಂಡ ಕನ್ನಡ ರೂಪವಾದ್ದರಿಂದ ಆ ಗಡಿಯನ್ನು ನಮ್ಮವರ ಮೇಲೆ ಹೇರುವ ಹಕ್ಕೇ ನಮಗಿಲ್ಲ. ಅದರ ಮೇಲೆ ಬಿಡುಗಡೆಯ ಉತ್ಸಾಹದ ಪ್ರಶ್ನೆಯೂ ಇದೆ. ಡಿಸ್ಚಾರ್ಜ್ ಆಗುವ ದಿನ ಯಾರನ್ನು ಕೇಳಿದರೂ ಅಂಕ ಐವತ್ತರ ಮೇಲೆಯೇ ಬರುತ್ತದೆ, ಮೂರು ವಾರ ಕಳೆದು ಊರಿನ ಗಾಳಿ ತಾಗಿದ ಮೇಲೆ ಅದು ಇಳಿಯುತ್ತದೆ, ಆ ಇಳಿತವನ್ನು ಸೋಲೆಂದು ಬಗೆಯಬಾರದು. ನನ್ನ ದೃಷ್ಟಿಯಲ್ಲಿ ಎರಡನೆಯ ಅಂಕವೇ ನಂಬತಕ್ಕದ್ದು. ಮೊದಲನೆಯದು ಆಸೆಯ ಅಂಕ.

ಒಟ್ಟು ಅಂಕದ ಮೂಲಭೂತ ದೋಷ ಬೇರೆಯೇ ಇದೆ. 44 ಅಂಕ ಪಡೆದ ಇಬ್ಬರನ್ನು ಅಕ್ಕಪಕ್ಕ ಕೂರಿಸಿ ನೋಡಿದರೆ, ಒಬ್ಬರಿಗೆ ಎಲ್ಲ ವಾಕ್ಯಗಳಲ್ಲೂ ನಾಲ್ಕೋ ಐದೋ ಬಂದಿರುತ್ತದೆ. ಇನ್ನೊಬ್ಬರಿಗೆ ಬಹುತೇಕ ಕಡೆ ಆರು ಬಂದು, ವಸತಿಗೂ ಕಸುವಿಗೂ ಒಂದೊಂದು ಬಂದಿರುತ್ತದೆ. ಮೊದಲನೆಯವರಿಗೆ ಬೇಕಾದದ್ದು ಕಾಲಾವಕಾಶ ಮತ್ತು ಸಾಧಾರಣ ಬೆಂಬಲ. ಎರಡನೆಯವರಿಗೆ ಈ ವಾರವೇ ಇರಲೊಂದು ಜಾಗ ಬೇಕು ಮತ್ತು ಖಿನ್ನತೆ ಇದೆಯೇ ಎಂದು ನೋಡಲು ಮನೋವೈದ್ಯರು ಬೇಕು. ಕೂಡಿಸಿದ ಸಂಖ್ಯೆಯಲ್ಲಿ ಈ ವ್ಯತ್ಯಾಸ ಮಾಯವಾಗುತ್ತದೆ. ಶಕ್ತಿಗಳು ಅಡ್ಡಿಗಳನ್ನು ಸರಿತೂಗಿಸುತ್ತವೆ ಎಂಬ ಊಹೆ ಕೂಡಿಸುವ ಕ್ರಿಯೆಯಲ್ಲೇ ಅಡಗಿದೆ. ಬದುಕಿನಲ್ಲಿ ಹಾಗೆ ಆಗುವುದಿಲ್ಲ. ಎತ್ತಿನಲ್ಲಿ ಎಷ್ಟೇ ಬಲವಿದ್ದರೂ ಗಾಡಿಯ ಅಚ್ಚು ಮುರಿದಿದ್ದರೆ ಬಂಡಿ ಸಾಗುವುದಿಲ್ಲ.

ರೆಕ್-ಕ್ಯಾಪ್ ಪ್ರಶ್ನಾವಳಿಯ ಹೆಚ್ಚುಗಾರಿಕೆ ಇರುವುದು ಇಲ್ಲಿ. ಡೇವಿಡ್ ಬೆಸ್ಟ್ ಮತ್ತು ಅವರ ಸಹೋದ್ಯೋಗಿಗಳು ರೂಪಿಸಿದ ಇದು ಶಕ್ತಿಗಳನ್ನು ಒಂದು ಕಡೆ, ಅಡ್ಡಿಗಳನ್ನು ಇನ್ನೊಂದು ಕಡೆ, ಸಿಗದೆ ಉಳಿದ ಸೇವೆಗಳನ್ನು ಮತ್ತೊಂದು ಕಡೆ ಇಡುತ್ತದೆ. ತನ್ನ ಆರೋಗ್ಯ, ವಸತಿ, ಬದುಕಿನ ಗುಣಮಟ್ಟಕ್ಕೆ ವ್ಯಕ್ತಿ ತಾನೇ ಅಂಕ ಹಾಕಿಕೊಳ್ಳುತ್ತಾನೆ. ಆ ಮೇಲೆ ಅಡ್ಡಿಗಳ ಸರದಿ: ನೆಲೆಯಿಲ್ಲದಿರುವುದು, ವ್ಯಸನದ ವಸ್ತುವಿನ ಬಳಕೆ ಮುಂದುವರಿದಿರುವುದು, ಅಪಾಯಕರ ನಡವಳಿಕೆ, ಪೊಲೀಸ್ ನ್ಯಾಯಾಲಯಗಳ ಗೋಜು, ಉದ್ಯೋಗವೋ ಓದೋ ಇಲ್ಲದೆ ಖಾಲಿ ಕೂರುವುದು. ಹಿಂದೆ ಹೇಳಿದ ಆರ್ಕ್ ಪಟ್ಟಿಯ ಬಂಡವಾಳ, ಜನರ ಬೆಂಬಲದ ಕೆಲವು ಪ್ರಶ್ನೆಗಳು, ಚೇತರಿಕೆಯ ಗುಂಪುಗಳಲ್ಲಿ ಭಾಗವಹಿಸುವ ಬಗ್ಗೆ ಹದಿನಾಲ್ಕು, ಬಿಟ್ಟೇ ತೀರುವ ಸಂಕಲ್ಪದ ಬಗ್ಗೆ ಐದು, ಹೀಗೆ ಹಲವು ಅಳತೆಪಟ್ಟಿಗಳನ್ನು ಒಂದೇ ಕಡೆ ಹೊಂದಿಸಿದ್ದಾರೆ. ಅಮೆರಿಕದ ಫ್ಲಾರಿಡಾ, ವರ್ಜೀನಿಯಾ ರಾಜ್ಯಗಳಲ್ಲಿ ವ್ಯಸನ ಬಿಟ್ಟವರು ಒಟ್ಟಾಗಿ ವಾಸಿಸುವ ಚೇತರಿಕೆ ನಿಲಯಗಳಲ್ಲಿ ಇದು ಬಳಕೆಯಲ್ಲಿದೆ. ಅಳೆ, ಯೋಜಿಸು, ಜನರೊಡನೆ ಬೆಸೆ ಎಂಬ ಮೂರು ಹೆಜ್ಜೆ ಅದರ ಕ್ರಮ. ಬಂದ ಫಲಿತಾಂಶವನ್ನು ಹಿಡಿದು, ತಾನೂ ಹಿಂದೆ ವ್ಯಸನದಲ್ಲಿದ್ದು ಹೊರಬಂದ ಒಬ್ಬ ಜೊತೆಗಾರನು ನಿವಾಸಿಯ ಪಕ್ಕ ಕೂತು ಮುಂದಿನ ಮೂರು ತಿಂಗಳ ಯೋಜನೆ ಬರೆಯುತ್ತಾನೆ. ಅಳತೆಯ ಬೆನ್ನಿಗೇ ಕೆಲಸವನ್ನು ಕಟ್ಟಿದ್ದು ಈ ಸಾಧನದ ಅತಿ ದೊಡ್ಡ ಹಿರಿಮೆ ಎಂದು ನಾನು ಎಣಿಸುತ್ತೇನೆ, ಏಕೆಂದರೆ ತುಂಬಿಸಿ ಕಡತಕ್ಕೆ ಸೇರಿಸಿ ಮರೆತ ಪ್ರಶ್ನಾವಳಿಗಳ ಕಟ್ಟುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಆದರೂ ಇದನ್ನು ನಮ್ಮಂಥ ಕೇಂದ್ರ ಹಾಗೇ ಎತ್ತಿಕೊಳ್ಳಬಹುದೆಂದು ನಾನು ಹೇಳಲಾರೆ. ಒಂದನೆಯದಾಗಿ, ಅದು ಉದ್ದ. ಕಂಪ್ಯೂಟರ್ ವ್ಯವಸ್ಥೆಯ ಮೂಲಕ ಸಂಸ್ಥೆಗಳು ನಡೆಸುವಂಥದ್ದು. ಅದರ ಯೋಜನೆಯ ಭಾಗಕ್ಕೆ ತರಬೇತಾದ ಜೊತೆಗಾರರು ಬೇಕು. ಎರಡನೆಯದಾಗಿ, ಅದರ ಅಡ್ಡಿಗಳ ಪಟ್ಟಿಯನ್ನು ಅಲ್ಲಿನ ವ್ಯಸನಿಯ ಬದುಕನ್ನು ನೋಡಿ ಬರೆದಿದ್ದಾರೆ. ಜೈಲು, ಮನೆಯಿಲ್ಲದಿರುವುದು, ಮಾದಕ ವಸ್ತುವನ್ನು ಸೂಜಿಯಿಂದ ಚುಚ್ಚಿಕೊಳ್ಳುವ ಅಪಾಯ ಅಲ್ಲಿ ಮೊದಲ ಸಾಲಿನ ಸಮಸ್ಯೆಗಳು. ನಮ್ಮಲ್ಲಿಗೆ ಬರುವ ಹೆಚ್ಚಿನವರಿಗೆ ಮನೆ ಎಂಬುದೊಂದು ಇರುತ್ತದೆ, ಅವರು ಜೈಲು ಕಂಡವರಲ್ಲ, ಕುಡಿಯುತ್ತಲೇ ದುಡಿದವರು. ಅವರ ಅಡ್ಡಿಗಳು ಬೇರೆ ಕಡೆ ಕೂತಿವೆ.

ಶನಿವಾರದ ಬಟವಾಡೆಯನ್ನೇ ತೆಗೆದುಕೊಳ್ಳಿ. ಮೇಸ್ತ್ರಿ ವಾರದ ಕೂಲಿಯನ್ನು ಎಣಿಸಿ ಕೊಡುವುದು ಸಂಜೆ, ಕೆಲವು ಕಡೆ ವೈನ್ ಶಾಪಿನ ಎದುರಿಗೇ. ಸೋಮವಾರದಿಂದ ಶುಕ್ರವಾರದವರೆಗೆ ಗಟ್ಟಿಯಾಗಿ ನಿಂತವರು ಜಾರುವುದು ಆ ಒಂದು ಗಂಟೆಯಲ್ಲಿ. ಕೂಲಿಯನ್ನು ನೇರ ಹೆಂಡತಿಯ ಬ್ಯಾಂಕ್ ಖಾತೆಗೆ ಹಾಕಿಸುವುದೋ, ಭಾನುವಾರ ಬೆಳಿಗ್ಗೆ ಹೋಗಿ ಇಸಿದುಕೊಳ್ಳುವುದೋ ಎಂಬ ಸಣ್ಣ ಏರ್ಪಾಡು ಹತ್ತು ಉಪದೇಶಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ, ಆದರೆ ಅದನ್ನು ಕೇಳುವ ಪ್ರಶ್ನೆ ಎರಡೂ ಹಾಳೆಗಳಲ್ಲಿ ಇಲ್ಲ. ಸಾಲದ ಕಥೆಯೂ ಹಾಗೆಯೇ. ಕುಡಿಯುವಾಗ ಸಾಲ ಕೊಟ್ಟವರು ಇವನಿಂದ ಏನೂ ಬರದೆಂದು ಕೈಬಿಟ್ಟಿರುತ್ತಾರೆ. ಬಿಟ್ಟು ಕೆಲಸಕ್ಕೆ ಹೋಗತೊಡಗಿದ್ದೇ ತಡ, ಬಡ್ಡಿಯವರು, ಮೈಕ್ರೋಫೈನಾನ್ಸಿನವರು, ಕಿರಾಣಿ ಅಂಗಡಿಯವರು ಒಟ್ಟಿಗೆ ಬಾಗಿಲಿಗೆ ಬರುತ್ತಾರೆ. ಬಿಟ್ಟದ್ದಕ್ಕೆ ಸಿಕ್ಕ ಮೊದಲ ಪ್ರತಿಫಲ ಅದಾಗಿರುತ್ತದೆ. ಮದುವೆ, ಬೀಗರೂಟ, ಜಾತ್ರೆ, ಹಬ್ಬದ ಮರುದಿನದ ಬಾಡೂಟ, ಇವುಗಳ ಪೈಕಿ ಮುಂದಿನ ಮೂರು ತಿಂಗಳಲ್ಲಿ ಯಾವುದೆಲ್ಲ ಇದೆ ಎಂಬುದನ್ನು ಕ್ಯಾಲೆಂಡರ್ ತೆಗೆದು ಗುರುತು ಹಾಕುವುದೂ ಅಡ್ಡಿಯ ಅಳತೆಯೇ.

ಇನ್ನು ಮನೆಯವರು. ಎರಡೂ ಪ್ರಶ್ನಾವಳಿಗಳು ವ್ಯಕ್ತಿಯ ಸ್ವಂತ ಹೇಳಿಕೆಯನ್ನೇ ನೆಚ್ಚಿಕೊಂಡಿವೆ. ತನ್ನ ಬದುಕನ್ನು ತಾನೇ ಅಳೆಯಲಿ ಎಂಬ ಗೌರವದ ನಿಲುವು ಅದರ ಹಿಂದಿದೆ, ಅದನ್ನು ನಾನು ಒಪ್ಪುತ್ತೇನೆ. ಆದರೆ ಜವಾಬ್ದಾರಿ ಹೊರುತ್ತೇನೆ ಎಂಬ ವಾಕ್ಯಕ್ಕೆ ಗಂಡ ಆರು ಅಂಕ ಹಾಕುವಾಗ ಬಾಗಿಲ ಬಳಿ ಕೂತ ಹೆಂಡತಿ ತಲೆಯೆತ್ತದೆ ಸೆರಗಿನ ತುದಿ ಸುತ್ತುತ್ತಿದ್ದರೆ, ಆ ಆರನ್ನು ಹಾಗೇ ಬರೆದುಕೊಳ್ಳುವುದು ನನ್ನಿಂದ ಆಗುವುದಿಲ್ಲ. ಬೇರೆ ದಿನ, ಬೇರೆ ಕೋಣೆಯಲ್ಲಿ, ಅದೇ ಹಾಳೆಯನ್ನು ಆಕೆಯೊಂದಿಗೂ ಮಾತನಾಡುತ್ತೇನೆ. ಎರಡು ಅಂಕಗಳು ತಾಳೆಯಾಗದ ಜಾಗಗಳೇ ಮುಂದಿನ ಭೇಟಿಯ ವಿಷಯಗಳಾಗುತ್ತವೆ. ಆಕೆ ಹೇಳಿದ್ದನ್ನು ಅವನ ಮುಂದೆ ಹಾಳೆಯಿಂದ ಓದಬಾರದು ಎಂಬುದನ್ನು ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ನಾನು ಒತ್ತಿ ಹೇಳುತ್ತೇನೆ; ಆ ಅಂಕದ ಬೆಲೆಯನ್ನು ಮನೆಗೆ ಹೋದ ಮೇಲೆ ತೆರಬೇಕಾದವಳು ಆಕೆ.

ರೆಕ್-ಕ್ಯಾಪ್ ಗುಂಪುಗಳಿಗೆ ಅಷ್ಟು ಒತ್ತು ಕೊಟ್ಟದ್ದು ಮಾತ್ರ ನಮ್ಮ ನೆಲಕ್ಕೆ ಸರಿಯಾಗಿ ಹೊಂದುತ್ತದೆ. ಕುಡಿತ ಬಿಟ್ಟವರೂ ಬಿಡಬಯಸುವವರೂ ಸೇರುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳು ಕರ್ನಾಟಕದ ನಗರಗಳಲ್ಲಿ ಕನ್ನಡದಲ್ಲೂ ನಡೆಯುತ್ತವೆ. ಹಳ್ಳಿಗಳಲ್ಲಿ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರ ಎಂಟು ದಿನಗಳ ಮದ್ಯವರ್ಜನ ಶಿಬಿರಗಳು ಹೆಸರಾದವು. ಶಿಬಿರ ಮುಗಿದ ಮೇಲೆ ಬಿಟ್ಟವರೇ ಸೇರಿ ನಡೆಸುವ ನವಜೀವನ ಸಮಿತಿಗಳು ಅದರ ಅಸಲು ಶಕ್ತಿ ಎಂಬುದು ನನ್ನ ಅಭಿಪ್ರಾಯ. ಶಿಬಿರದ ಎಂಟು ದಿನ ಯಾರನ್ನಾದರೂ ಕುಡಿತದಿಂದ ದೂರ ಇಡಬಹುದು. ಒಂಬತ್ತನೆಯ ದಿನ ಸಂಜೆ ಆರೂವರೆಗೆ ಎಲ್ಲಿ ಹೋಗಿ ಕೂರುವುದು ಎಂಬುದಕ್ಕೆ ಉತ್ತರ ಬೇಕಲ್ಲ. ಸಮಿತಿಗೆ ಹೋಗುತ್ತೀರಾ ಎಂದಷ್ಟೇ ಕೇಳದೆ, ಅಲ್ಲಿ ನಿಮಗೊಂದು ಜವಾಬ್ದಾರಿ ಇದೆಯೇ, ಹೊಸಬರನ್ನು ಕರೆತಂದಿದ್ದೀರಾ, ಅಲ್ಲಿನವರು ನಿಮ್ಮ ಮನೆಗೆ ಬರುತ್ತಾರೆಯೇ ಎಂದು ಕೇಳುವುದನ್ನು ನಾನು ರೆಕ್-ಕ್ಯಾಪ್‌ನ ಗುಂಪಿನ ಭಾಗ ಓದಿದ ಮೇಲೆ ರೂಢಿಸಿಕೊಂಡೆ. ಬರೀ ಹಾಜರಿ ಹಾಕುವವನಿಗೂ ಚಾಪೆ ಹಾಸಿ ಚಹಾ ಮಾಡುವವನಿಗೂ ಇರುವ ವ್ಯತ್ಯಾಸ ಈ ಪ್ರಶ್ನೆಗಳಲ್ಲಿ ಕಾಣುತ್ತದೆ.

ಈ ಸಾಧನಗಳ ದುರ್ಬಳಕೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅಂಕ ಎಂಬುದು ಕಂಡ ಕೂಡಲೇ ಅದನ್ನು ಪರೀಕ್ಷೆಯ ಫಲಿತಾಂಶ ಮಾಡುವ ಚಟ ನಮಗಿದೆ. ನಮ್ಮಲ್ಲಿ ಚಿಕಿತ್ಸೆ ಪಡೆದ ಒಬ್ಬರನ್ನು ಅವರ ಉದ್ಯೋಗದಾತರು, ಇಂತಿಷ್ಟು ಅಂಕ ಬಂದ ಪತ್ರ ತಂದರೆ ಮಾತ್ರ ಡ್ಯೂಟಿಗೆ ಸೇರಿಸಿಕೊಳ್ಳುತ್ತೇವೆ ಎಂದು ಹಿಂದಕ್ಕೆ ಕಳುಹಿಸಿದ್ದರು. ಕೆಲಸವಿಲ್ಲದಿರುವುದೇ ಅವರ ಅಂಕ ಇಳಿಸಿದ್ದ ಕಾರಣಗಳಲ್ಲೊಂದು. ಬಂಡವಾಳ ಕಡಿಮೆಯಿದೆ ಎಂದು ತೋರಿಸುವ ಹಾಳೆ ಆ ಮನುಷ್ಯನಿಗೆ ಹೆಚ್ಚಿನ ನೆರವು ಬೇಕೆಂಬುದಕ್ಕೆ ಸಾಕ್ಷಿ. ಅದನ್ನೇ ಅವನನ್ನು ಹೊರಗಿಡಲು ಬಳಸಿದರೆ ಅಳತೆಯ ಅರ್ಥವೇ ತಿರುಗುಮುರುಗಾಗುತ್ತದೆ. ಅಂದಿನಿಂದ ನಾವು ಈ ಅಂಕವನ್ನು ಯಾವ ಪತ್ರದಲ್ಲೂ ಬರೆದು ಕೊಡುವುದಿಲ್ಲ.

ಎಷ್ಟು ಕಾಲ ಅಳೆಯುತ್ತಾ ಇರಬೇಕು ಎಂದು ಕೇಳುವವರಿಗೆ ಮೈಕಲ್ ಡೆನಿಸ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ, ಎಂಟು ವರ್ಷಗಳ ಕಾಲ ಜನರನ್ನು ಹಿಂಬಾಲಿಸಿದ ಅಮೆರಿಕದ ಅಧ್ಯಯನದಲ್ಲಿ ಉತ್ತರವಿದೆ. ಬಿಟ್ಟು ಒಂದು ವರ್ಷ ತುಂಬದವರಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಅದನ್ನು ಉಳಿಸಿಕೊಂಡರು, ವರ್ಷ ದಾಟಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಉಳಿಸಿಕೊಂಡರು, ಐದು ವರ್ಷ ದಾಟಿದವರಲ್ಲಿ ಮತ್ತೆ ಹಿಡಿದವರು ಶೇಕಡ 15ಕ್ಕಿಂತ ಕಡಿಮೆ. ಹೀಗಿರುವಾಗ ತಿಂಗಳೊಪ್ಪತ್ತಿನ ದಾಖಲಾತಿಯ ಕೊನೆಗೆ ಒಮ್ಮೆ ಹಾಳೆ ತುಂಬಿಸಿ ಕೈತೊಳೆದುಕೊಳ್ಳುವುದರಲ್ಲಿ ಅರ್ಥವಿಲ್ಲ.

ಈ ಎರಡರ ಜೊತೆ ಇನ್ನೊಂದನ್ನೂ ಹೆಸರಿಸಬೇಕು. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಜೊವಾನ್ ನೀಲ್ ಮತ್ತು ಸಂಗಡಿಗರು ವ್ಯಸನದಿಂದ ಹೊರಬರುತ್ತಿದ್ದವರನ್ನೇ ಜೊತೆಗೆ ಕೂರಿಸಿಕೊಂಡು ಸಿದ್ಧಪಡಿಸಿ 2016ರಲ್ಲಿ ಪ್ರಕಟಿಸಿದ ‘ಶ್ಯೂರ್’ ಪ್ರಶ್ನಾವಳಿಯಲ್ಲಿ 21 ಪ್ರಶ್ನೆಗಳಿವೆ. ವಸ್ತುವಿನ ಬಳಕೆ, ಕೈಯಲ್ಲಿರುವ ಅನುಕೂಲಗಳು, ಬದುಕಿನ ನೋಟ, ತನ್ನ ಆರೈಕೆ, ಸಂಬಂಧಗಳು ಎಂಬ ಐದು ಭಾಗಗಳಿದ್ದು, ಭಾಷೆ ಬಾರ್ಕ್-10ಕ್ಕಿಂತ ಸರಳವಾಗಿದೆ. ಬಾರ್ಕ್-10ರ ಕೆಲವು ವಾಕ್ಯಗಳ ಭಾರ ಹೊರಲಾರದವರಿಗೆ ಇದನ್ನು ಪ್ರಯತ್ನಿಸಬಹುದು.

ಕೊಳ್ಳುವವರ ದೃಷ್ಟಿಯಿಂದ ನನ್ನ ಸಲಹೆ ಹೀಗಿದೆ. ದೊಡ್ಡ ಸಂಸ್ಥೆ, ವಸತಿ ಸಹಿತ ದೀರ್ಘಾವಧಿ ಕಾರ್ಯಕ್ರಮ, ತಿಂಗಳುಗಟ್ಟಲೆ ಜೊತೆಗಿರಬಲ್ಲ ಸಿಬ್ಬಂದಿ ಇರುವಲ್ಲಿ ರೆಕ್-ಕ್ಯಾಪ್ ಹಣಕ್ಕೂ ಶ್ರಮಕ್ಕೂ ತಕ್ಕದ್ದು, ಅಡ್ಡಿಗಳ ಪಟ್ಟಿಯನ್ನು ಇಲ್ಲಿಯ ಬದುಕಿಗೆ ತಕ್ಕಂತೆ ಬೆಳೆಸಿಕೊಳ್ಳುವ ಮನಸ್ಸಿದ್ದರೆ ಮಾತ್ರ. ಸಣ್ಣ ಕೇಂದ್ರಗಳು, ಸ್ವಸಹಾಯ ಸಂಘಗಳು, ಹೊರರೋಗಿ ವಿಭಾಗಗಳು ಬಾರ್ಕ್-10 ಹಿಡಿಯುವುದು ಮೇಲು. ದಾಖಲಾದ ಮೊದಲ ವಾರದಲ್ಲಿ, ಕೈನಡುಕ ಇರುವಾಗ, ಅದನ್ನು ತುಂಬಿಸಬಾರದು. ದಿನವೂ ಕುಡಿಯುವವರು ಒಮ್ಮೆಲೇ ನಿಲ್ಲಿಸಿದಾಗ ಬರುವ ಫಿಟ್ಸ್, ಭ್ರಮೆಗಳಿಗೆ ಬೇಕಾದದ್ದು ವೈದ್ಯರು, ಪ್ರಶ್ನಾವಳಿಯಲ್ಲ. ಕುಟುಂಬದವರು ಮನೆಯಲ್ಲೇ ಇದನ್ನು ಮುದ್ರಿಸಿ ತುಂಬಿಸಲು ಕೂರುವುದನ್ನೂ ನಾನು ಪ್ರೋತ್ಸಾಹಿಸುವುದಿಲ್ಲ. ಅದು ಜಗಳಕ್ಕೆ ಇನ್ನೊಂದು ಕಾರಣವಾಗುವುದೇ ಹೆಚ್ಚು. ಅವರು ಮೊದಲು 14446 ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡಲಿ, ಬೆಂಗಳೂರಿನ ಸುತ್ತಮುತ್ತ ಇದ್ದರೆ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರವಿದೆ.

ನಮ್ಮ ಕೇಂದ್ರದಲ್ಲಿ ಈಗ ನಡೆಯುತ್ತಿರುವುದು ಒಂದೇ ಹಾಳೆಯ ಎರಡು ಬದಿ. ಮುಂದೆ ಬಾರ್ಕ್-10ರ ಹತ್ತು ವಾಕ್ಯಗಳಿವೆ, ಒಟ್ಟು ಕೂಡಿಸುವ ಜಾಗವನ್ನು ಬೇಕೆಂದೇ ಕೊಟ್ಟಿಲ್ಲ. ಹಿಂಬದಿಯಲ್ಲಿ ಕೂಲಿ ಯಾವಾಗ ಯಾರ ಕೈಗೆ ಬರುತ್ತದೆ, ಸಾಲ ಯಾರ ಬಳಿ ಎಷ್ಟು, ರಾತ್ರಿ ಎಲ್ಲಿ ಮಲಗುತ್ತೀರಿ, ಕೆಲಸದಿಂದ ಮನೆಗೆ ಬರುವ ದಾರಿಯಲ್ಲಿ ಎಷ್ಟು ಅಂಗಡಿಗಳಿವೆ, ಮುಂದಿನ ಸಮಾರಂಭ ಯಾವುದು, ಕುಡಿಯದ ಸ್ನೇಹಿತ ಒಬ್ಬರ ಫೋನ್ ನಂಬರ್ ಇದೆಯೇ ಎಂಬ ಪ್ರಶ್ನೆಗಳಿವೆ. ಮೂರು ತಿಂಗಳಿಗೊಮ್ಮೆ ಹೊಸ ಹಾಳೆ ತುಂಬಿಸಿ ಹಳೆಯದರ ಪಕ್ಕ ಇಟ್ಟು ನೋಡುತ್ತೇವೆ. ಮೂಲ ಪ್ರತಿ ತುಂಬಿಸಿದವರ ಬಳಿಯೇ ಇರುತ್ತದೆ, ನಮ್ಮ ಕಡತಕ್ಕೆ ಸೇರುವುದು ಜೆರಾಕ್ಸ್.